ಬೆಟ್ಟದ ಗೇರ್

"ಭಾವ, ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?"

ಬೆಟ್ಟದ ನೆತ್ತಿಯ ಫೋನ್ ಟವರ್ ರಿಪೇರಿ ಮುಗಿಸಿ ಅದರಿಂದ ಕೆಳಗಿಳಿದ ಮೈದುನ ಕೇಳಿದ್ದು ಅಷ್ಟೇ. ಕಂಪನಿ ಜೀಪಿನ ಡ್ರೈವರ್ ಆಗಿದ್ದ ಅವನ ಅಕ್ಕನ ಗಂಡ ಬಗ್ಗಿ ತನ್ನ ಕಾಲು ನೋಡಿಕೊಂಡ. ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲಿನಲ್ಲಿ ಇರಲಿಲ್ಲ. ಚೂಪು ಜಲ್ಲಿಯ ಮೇಲೆ ಅಡ್ಡಾಡಿ ಆ ಹಿಮ್ಮಡಿ ಸೀಳಿಹೋಗಿತ್ತು. ಜೀಪಿನ ಸುತ್ತ ಅವನು ಓಡಾಡಿದಲ್ಲೆಲ್ಲ ರಕ್ತದ ಕಲೆ. ಪುಣ್ಯಾತ್ಮನಿಗೆ ಅದರ ಪರಿವೆಯೇ ಇಲ್ಲ!

"ಎಲ್ಲೋ ಜಾರಿರಬೇಕು ಬಿಡೋ," ಎಂದು ಭಾವ ಹುಳ್ಳಗೆ ನಕ್ಕ.

"ಬಿಡೋದೇನು? ನೋವಾಗಲಿಲ್ವಾ ನಿಮಗೆ?"

ಮೈದುನನಿಗೆ ಥಟ್ಟನೆ ಹೊಳೆಯಿತು. ಬೆಳಿಗ್ಗೆ ಬರುವಾಗ, ಮಕ್ಕಳು ರಸ್ತೆ ದಾಟುತ್ತಿದ್ದಲ್ಲಿ ಜೀಪು ನಿಲ್ಲುವ ಬದಲು ಮುಂದಕ್ಕೆ ನೆಗೆದಿತ್ತು. ಒಂದು ಗೇಣಿನಲ್ಲಿ ತಪ್ಪಿತು. ಆಗ ಭಾವ ಆ ಮಕ್ಕಳನ್ನೇ ಬಾಯಿಗೆ ಬಂದಂತೆ ಬೈದಿದ್ದ. ಇವನೂ ಹೌದೌದು ಎಂದು ತಲೆಯಾಡಿಸಿದ್ದ. ಈಗ ಆ ತಲೆಯನ್ನು ಚಚ್ಚಿಕೊಳ್ಳಬೇಕು ಅನ್ನಿಸಿತು.

"ಸಕ್ಕರೆ ಕಾಯಿಲೆ ಕಣೋ," ಎಂದ ಭಾವ ಕೊನೆಗೆ. "ಮೊದಮೊದಲು ಕಾಲು ಜುಮುಜುಮು ಅಂತಿತ್ತು. ಈಗ ಅದೂ ಇಲ್ಲ. ಯಾರದೋ ಕಾಲು ತಂದು ನನಗೆ ಕಟ್ಟಿದ ಹಾಗಿದೆ. ಬ್ರೇಕ್ ಮೇಲಿದೆಯೋ ಆಕ್ಸಿಲರೇಟರ್ ಮೇಲಿದೆಯೋ ಬಗ್ಗಿ ನೋಡ್ಕೋಬೇಕು. ಬಗ್ಗಿದ್ರೆ ರಸ್ತೆ ಕಾಣಲ್ಲ."

"ಅಕ್ಕನಿಗೆ ಗೊತ್ತಾ?"

"ಹುಚ್ಚಾ ನಿನಗೆ? ಗೊತ್ತಾದ ದಿನವೇ ಕೀ ಕಿತ್ಕೋತಾಳೆ. ಆಮೇಲೆ ನಾನು ಮನೇಲಿ ಕೂತು ಗೋಡೆ ನೋಡ್ಲಾ? ಬರೋದು ಇದೊಂದೇ ಕೆಲಸ ನನಗೆ."

ಮೈದುನ ಕೈವಸ್ತ್ರ ಸುತ್ತಿ, ಮೇಲೆ ವೈರಿಗೆ ಹಾಕುವ ಕಪ್ಪು ಟೇಪು ಬಿಗಿದು ಗಾಯ ಕಟ್ಟಿದ. ಎಷ್ಟು ಜೋರಾಗಿ ಬಿಗಿದರೂ ಭಾವ ಸ್ಸ್ ಅನ್ನಲಿಲ್ಲ. ಬಾಯಿ ಬಿಟ್ಟರೆ ಈ ಮನುಷ್ಯನ ಡ್ರೈವರ್ ಕೆಲಸ ಇವತ್ತಿಗೇ ಮುಗಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಯಾರ ಮನೆಯ ಮಗುವೋ ಏನೋ. ತನಗೋ, ಸ್ಟೀರಿಂಗ್ ಹಿಡಿದೇ ಗೊತ್ತಿಲ್ಲ. ಅವನು ಫೋನ್ ತೆಗೆದ. "ಬೇರೆ ಡ್ರೈವರ್ ಕಳಿಸೋಕೆ ಹೇಳ್ತೀನಿ ಭಾವ."

"ಬೇಡ ಕಣೋ, ನಿನ್ನ ದಮ್ಮಯ್ಯ. ಇನ್ನೊಬ್ಬ ಬಂದು ನನ್ನನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗೋದು ಬೇಡ. ಇದು ನನ್ನ ಕೊನೇ ಟ್ರಿಪ್ಪು, ಆಯ್ತಾ? ಆಫೀಸಿಗೆ ಹೋಗಿ ನಾನೇ ನನ್ನ ಕೈಯಾರೆ ಕೀ ಕೊಡ್ತೀನಿ. ಇಳಿಯೋಕೆ ಕಾಲೇ ಬೇಕಾಗಿಲ್ಲ, ಹತ್ತು ನೀನು."

ಮೈದುನ ಹತ್ತಿ ಕೂತ. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಗಾಡಿ ಅದು. ಭಾವ ಬಗ್ಗಿ ನೋಡಿ ಬ್ರೇಕ್ ಒತ್ತಿದ, ನಾಲ್ಕೂ ಚಕ್ರ ಒಟ್ಟಿಗೆ ತಿರುಗುವ ಲೋ ಗೇರಿಗೆ ಹಾಕಿದ, ಇಳಿಜಾರಿನ ಬಟನ್ ಅದುಮಿದ. ಆಮೇಲೆ ಎರಡೂ ಕಾಲುಗಳನ್ನು ಸೀಟಿನತ್ತ ಎಳೆದುಕೊಂಡುಬಿಟ್ಟ. ಜೀಪು ಕಟಕಟ ಸದ್ದು ಮಾಡುತ್ತ ತನ್ನ ಬ್ರೇಕನ್ನು ತಾನೇ ಹಿಡಿದುಕೊಂಡು ಇಳಿಯತೊಡಗಿತು. ಒಂದು ಪಕ್ಕ ಪ್ರಪಾತ, ಇನ್ನೊಂದು ಪಕ್ಕ ಕಿತ್ತುಬಂದ ಬಂಡೆ, ನಡುವೆ ಕೊರಕಲು. ಭಾವನ ಕೈ ಮಾತ್ರ ಸ್ಟೀರಿಂಗ್ ಮೇಲೆ ಎಷ್ಟು ಹಗುರಾಗಿ ಆಡುತ್ತಿತ್ತೆಂದರೆ, ಇಂಥ ಕೈಯವನು ಇನ್ನು ಗಾಡಿ ಓಡಿಸುವುದಿಲ್ಲವಲ್ಲ ಎಂದು ಮೈದುನನಿಗೆ ದುಃಖ ಉಕ್ಕಿಬಂತು.

"ನೋಡು, ಗೇರ್ ಪಕ್ಕದ ಈ ತಿರುಗಣೆ ಸುತ್ತ ಏನೇನು ಚಿತ್ರ ಇದೆ," ಎಂದ ಭಾವ. "ಕೆಸರಿಗೊಂದು, ಮರಳಿಗೊಂದು, ಬಂಡೆಗೊಂದು. ಕಾಲು ಸತ್ತವನಿಗೆ ಅಂತ ಒಂದು ಹಾಕಲಿಲ್ಲ ನೋಡು ಬಡ್ಡಿಮಕ್ಕಳು." ಇಬ್ಬರೂ ನಕ್ಕರು. ನಗು ಬೇಗ ಸೊರಗಿತು.

ಬೆಟ್ಟ ಮುಗಿದು ಟಾರು ರಸ್ತೆ ಬಂತು. ಬಾಚಣಿಗೆ ಆಡಿಸಿದಂಥ ರಸ್ತೆ, ಒಂದು ಉಬ್ಬು ಇಲ್ಲ, ತಗ್ಗು ಇಲ್ಲ. ಭಾವ ಹ್ಯಾಂಡ್‌ಬ್ರೇಕ್ ಎಳೆದು ನಿಂತ. ಪ್ರಪಾತದ ಪಕ್ಕ ಬೆವರದವನ ಹಣೆ ಈಗ ತೊಯ್ದು ಹೋಗಿತ್ತು. ಇಲ್ಲಿಂದ ಎಲ್ಲರೂ ಮಾಡುವಂತೆ ಮಾಮೂಲಿ ಗೇರಿಗೆ ಬರಬೇಕು, ಕಾಲು ಕೆಳಗಿಡಬೇಕು.

ಭಾವ ಗೇರ್ ಬದಲಾಯಿಸಲಿಲ್ಲ. ಕಾಲೂ ಇಡಲಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟ. ಆಕ್ಸಿಲರೇಟರ್ ಮುಟ್ಟದಿದ್ದರೂ ಜೀಪು ಗುರ್ರೆನ್ನುತ್ತ ನಡಿಗೆಯ ವೇಗದಲ್ಲಿ ರಸ್ತೆಯ ಅಂಚಿನಗುಂಟ ತೆವಳಿತು. ತಿರುವಿನಲ್ಲಿ ಟೈರುಗಳು ಟಾರನ್ನು ಕಿರ್ರೆಂದು ಉಜ್ಜಿದವು.

"ಒಣ ರಸ್ತೆ ಮೇಲೆ ಈ ಗೇರ್ ಹಾಕಬಾರದು ಅಂತ ನೀವೇ ಬೈತಿದ್ರಿ ಭಾವ. ಗಾಡಿ ಹಾಳಾಗುತ್ತೆ ಅಂತ."

"ಹಾಳಾಗುತ್ತೆ. ಇವತ್ತೊಂದು ದಿನ ಹಾಳಾಗ್ಲಿ. ನೀನು ಆ ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಕೊಂಡಿರು, ಸಾಕು."

ಹಿಂದೆ ಲಾರಿಗಳು ಹಾರ್ನ್ ಹೊಡೆದು ಹೊಡೆದು ಬೈಯುತ್ತ ಮುಂದೆ ಹೋದವು. ಸೈಕಲ್ಲಿನ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, ಇಷ್ಟು ದೊಡ್ಡ ಜೀಪನ್ನು ಸೋಲಿಸಿದೆನಲ್ಲ ಎಂದು ಗಂಟೆ ಬಾರಿಸಿ ಹಲ್ಲು ಕಿರಿದು ಮುಂದೆ ಹೋದಳು. ಭಾವ ಸ್ಟೀರಿಂಗ್ ಬಿಡದೆ ಅವಳಿಗೆ ಒಂದು ಬೆರಳೆತ್ತಿದ. ಕಣ್ಣು ಮಾತ್ರ ರಸ್ತೆಯಿಂದ ಕದಲಲಿಲ್ಲ.

ಮೈದುನನ ಫೋನ್ ಹೊಡೆದುಕೊಂಡಿತು. ಅಕ್ಕ. "ಎಲ್ಲಿದ್ದೀರೋ ಇಷ್ಟು ಹೊತ್ತು? ಅವರ ಫೋನೂ ಎತ್ತಲ್ಲ. ಏನಾದ್ರೂ ಆಯ್ತೇನೋ?"

ಮೈದುನ ಭಾವನ ಕಡೆ ನೋಡಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಸ್ಟೀರಿಂಗ್ ಬಿಡುವ ಧೈರ್ಯ ಅವನಿಗಿರಲಿಲ್ಲ.

"ಏನಿಲ್ಲ ಅಕ್ಕ," ಎಂದ ಮೈದುನ. "ಇನ್ನೂ ಬೆಟ್ಟ ಇಳೀತಾ ಇದ್ದೀವಿ."