ತಂತಿ ಇಳಿಸುವ ಊರು

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಸೈರನ್ ಕೂಗಿತು. ಹುಲ್ಲುಗಾವಲಿನ ಎರೆಭೂತವೆಂಬ ದೊಡ್ಡ ಹಕ್ಕಿ ಹಾರಿತ್ತು. ಆ ಭಾರದ ಹಕ್ಕಿಗೆ ಎದುರಿನ ವಿದ್ಯುತ್ ತಂತಿ ಕಾಣುವುದಿಲ್ಲ. ಅದರ ಬಳಗವೆಲ್ಲ ಹೀಗೆ ಬಡಿದುಕೊಂಡೇ ಸತ್ತಿತ್ತು. ಜಗತ್ತಿನಲ್ಲಿ ಉಳಿದದ್ದು ಇದೊಂದೇ ಎಂದು ಎಲ್ಲರೂ ನಂಬಿದ್ದರು. ಅದಕ್ಕೇ ಅದು ಹಾರಿದಾಗಲೆಲ್ಲ ಊರಿನವರು ಕರೆಂಟು ತೆಗೆದು, ಕಂಬಗಳ ರಾಟೆ ತಿರುಗಿಸಿ, ತಂತಿಗಳನ್ನು ನೆಲಕ್ಕೆ ಇಳಿಸುತ್ತಿದ್ದರು.

ಕೆರೆಯಂಚಿನ ಕಂಬದ ಹೊಣೆ ಮದುಮಗಳು ನೀಲಾಂಬಿಕಾಳದು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಮುಹೂರ್ತ ಮೀರತೈತಿ, ಕುಂದ್ರವ್ವಾ!" ಎಂದು ಪರವೂರಿನಿಂದ ಬಂದಿದ್ದ ಮದುಮಗನ ತಂದೆ ಚನ್ನವೀರಪ್ಪ ಗದರಿದರು.

"ಹಕ್ಕಿ ಕಾಯಂಗಿಲ್ರಿ ಮಾವಾರ," ಎಂದವಳೇ ಓಡಿದಳು. ಮದುಮಗ ಬಾಸಿಂಗ ಕಟ್ಟಿಕೊಂಡೇ ಅವಳ ಹಿಂದೆ ಓಡಿದ. ಬಯ್ಯುತ್ತಲೇ ಮಾವನೂ ಬಂದರು.

ರಾಟೆ ತುಕ್ಕು ಹಿಡಿದು ಬಿಗಿದಿತ್ತು. ಗಂಡು ಹೆಣ್ಣು ಇಬ್ಬರೂ ಜೋತುಬಿದ್ದರೂ ಅಲುಗಲಿಲ್ಲ. ಹಕ್ಕಿ ನೇರ ತಂತಿಯತ್ತಲೇ ಬರುತ್ತಿತ್ತು. ಅದನ್ನು ಕಂಡ ಚನ್ನವೀರಪ್ಪ ರುಮಾಲು ಎಸೆದು ಹಿಡಿಕೆಗೆ ಹೆಗಲು ಕೊಟ್ಟರು. ರಾಟೆ ಕಿರುಗುಟ್ಟಿ ತಿರುಗಿತು, ತಂತಿ ಸರ್ರನೆ ಇಳಿಯಿತು. ಹಕ್ಕಿ ಅವರ ತಲೆಯ ಮೇಲೆಯೇ ಹಾದುಹೋಯಿತು.

ನೀಲಾಂಬಿಕಾ ಏದುಸಿರು ಬಿಡುತ್ತ ತಂತಿ ಏರಿಸಲು ಮುಂದಾದಳು. ಚನ್ನವೀರಪ್ಪ ಹಿಡಿಕೆ ಬಿಡಲೇ ಇಲ್ಲ.

"ತಡಿಯವ್ವಾ," ಎಂದರು ಆಕಾಶ ನೋಡುತ್ತ. "ಹಿಂದ ಇನ್ನೊಂದು ಬರಾಕತ್ತೈತಿ."