ಐದನೆಯ ರಿಪೋರ್ಟು

ಐದನೆಯ ಲ್ಯಾಬಿನಲ್ಲಿ ಅಮರೇಶನಿಗೆ ಕೊನೆಗೂ ತಾನು ಹುಡುಕುತ್ತಿದ್ದ ಉತ್ತರ ಸಿಕ್ಕಿತು. ಎಚ್‌ಐವಿ, ರಿಯಾಕ್ಟಿವ್, ಎಂದರೆ ಸೋಂಕಿನ ಸುಳಿವಿದೆ. ಮೊದಲ ನಾಲ್ಕು ಕಡೆ ನೆಗೆಟಿವ್ ಎಂದು ಬಂದಾಗ ಒಂದನ್ನೂ ನಂಬದವನು ಇದನ್ನು ನಿಂತ ನಿಲುವಿನಲ್ಲೇ ನಂಬಿಬಿಟ್ಟ. ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು, ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಚಾಮರಾಜಪುರಂನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಸಣ್ಣ ಅಕ್ಷರ ಓದಿಸುವ ಮನುಷ್ಯ ಅದೊಂದನ್ನು ಓದಲಿಲ್ಲ.

ಎಲ್ಲ ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ಮಹದೇವುವಿನ ಕ್ಷೌರದಂಗಡಿಯಲ್ಲಿ. ಗಲ್ಲದ ಕೆಳಗೆ ಬ್ಲೇಡು ತಾಗಿ ಒಂದು ಹನಿ ರಕ್ತ ಬಂತು. ಮಹದೇವು ಪಟಿಕ ಒತ್ತಿದ, ರಕ್ತ ನಿಂತಿತು. ಬ್ಲೇಡು ಹೊಸದೋ, ಇನ್ನೊಬ್ಬರಿಗೆ ಬಳಸಿದ್ದೋ ಎಂಬ ಯೋಚನೆ ಮಾತ್ರ ನಿಲ್ಲಲಿಲ್ಲ. ಅಂದಿನಿಂದ ಅಮರೇಶ ಗಡ್ಡ ಬಿಟ್ಟ. ತಟ್ಟೆ ಲೋಟ ಬೇರೆ ಇಟ್ಟುಕೊಂಡ. ಮದುವೆಯಾಗಿ ಎರಡು ವರ್ಷವಾದ ಹೆಂಡತಿ ಶಿಲ್ಪಶ್ರೀಯನ್ನು ಕೋಣೆಯಲ್ಲಿ ಬಿಟ್ಟು ತಾನು ನಡುಮನೆಯಲ್ಲಿ ಚಾಪೆ ಹಾಸಿಕೊಂಡ.

ತಾಯಿ ಸಿದ್ದಲಿಂಗಮ್ಮನವರಿಗೆ ಇದನ್ನೆಲ್ಲ ಕಂಡು ಆನಂದವೋ ಆನಂದ. ಗಡ್ಡ, ಬೇರೆ ತಟ್ಟೆ, ಚಾಪೆ ಎಂದರೆ ಇನ್ನೇನು, ಮಗ ಮಾದಪ್ಪನಿಗೆ ಹರಕೆ ಹೊತ್ತಿದ್ದಾನೆ. ಮಗುವಿಗಾಗಿಯೇ ಇರಬೇಕೆಂದು ಅವರೇ ತೀರ್ಮಾನಿಸಿ ಅವನ ಅಡುಗೆಗೆ ಈರುಳ್ಳಿ ಹಾಕುವುದನ್ನು ನಿಲ್ಲಿಸಿದರು. ಮಗ ನಡುಮನೆಯಲ್ಲಿ ಮಲಗಿದರೆ ಮೊಮ್ಮಗು ಎಲ್ಲಿಂದ ಬರಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ಹರಕೆ ಏನೆಂದು ಕೇಳಿದರೆ ಕೆಟ್ಟುಹೋಗುತ್ತದೆ, ತುಟಿಪಿಟಕ್ ಎನ್ನಬಾರದು ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದರು. ಶಿಲ್ಪಶ್ರೀ ಗಂಡನನ್ನು ಏನೂ ಕೇಳಲಿಲ್ಲ. ಅಮರೇಶನೂ ಹರಕೆಯಲ್ಲ ಎನ್ನಲಿಲ್ಲ. ಪುಕ್ಕಲನಿಗೆ ಅದೊಂದು ಒಳ್ಳೆಯ ಮರೆಯಾಯಿತು.

ಐದನೆಯ ರಿಪೋರ್ಟು ಹಿಡಿದು ಮಾರನೆಯ ಬೆಳಿಗ್ಗೆ ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋದ. ಅಲ್ಲಿನ ಆಪ್ತಸಮಾಲೋಚಕಿ ಬಿಂದು ಎಲ್ಲವನ್ನೂ ಕೇಳಿಸಿಕೊಂಡು, ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷೆ ಮಾಡಿಸಿದರು. ಮೂರರಲ್ಲೂ ಇಲ್ಲ. ಸೋಂಕಿಲ್ಲದವರಿಗೂ ಅಪರೂಪಕ್ಕೆ ಒಂದು ಕಿಟ್ ಹೀಗೆ ತಪ್ಪು ತೋರಿಸುವುದುಂಟು, ಅದಕ್ಕೇ ಒಂದನ್ನೇ ನಂಬುವುದಿಲ್ಲ ಎಂದು ವಿವರಿಸಿದರು. ಕ್ಷೌರದ ಗಾಯಕ್ಕೆ ಇಷ್ಟು ಹೆದರಬೇಕಾಗಿಯೇ ಇರಲಿಲ್ಲ, ತಟ್ಟೆ ಲೋಟದಿಂದಂತೂ ಅದು ಬರುವುದೇ ಇಲ್ಲ, ನಾಲ್ಕು ತಿಂಗಳು ಕಳೆದ ಮೇಲೆ ಇನ್ನು ಅನುಮಾನಕ್ಕೆ ಜಾಗವಿಲ್ಲ ಎಂದರು. ಅಮರೇಶ ಎಲ್ಲದಕ್ಕೂ ತಲೆಯಾಡಿಸಿ, ಯಾವುದಕ್ಕೂ ಇನ್ನೊಂದು ಸಲ ನೋಡಬಹುದೇ ಎಂದು ಕೇಳಿದ.

"ನಾಲ್ಕು ಸಲ ಇಲ್ಲ ಅಂದ್ರೆ ನಂಬ್ಲಿಲ್ಲ, ಒಂದ್ಸಲ ಇದೆ ಅಂದಿದ್ದಕ್ಕೆ ನಂಬಿಬುಟ್ರಿ," ಎಂದರು ಬಿಂದು. "ರಕ್ತ ಕೊಟ್ಟಿದ್ದು ಸಾಕು. ಮನೇಲಿ ಬಾಯಿ ಬಿಟ್ಟು ಹೇಳಿ."

ಶ್ರೀರಾಂಪುರದ ಮನೆಯಲ್ಲಿ ತಾಯಿ ಇರಲಿಲ್ಲ, ಮಠಕ್ಕೆ ಹೋಗಿದ್ದರು. ಅಮರೇಶ ತನ್ನ ತಟ್ಟೆಯನ್ನು ತೊಳೆದು ಉಳಿದ ತಟ್ಟೆಗಳ ಜೊತೆ ಸೇರಿಸಿ, ಒಲೆಯ ಮುಂದಿದ್ದ ಹೆಂಡತಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದ. ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಗ್ಯಾಸ್ ಆರಿಸಿದಳು.

"ನಿಮ್ಮ ಎರಡನೇ ರಿಪೋರ್ಟು ಶರ್ಟ್ ಒಗೆಯೋವಾಗ್ಲೇ ಸಿಕ್ತು," ಎಂದಳು. "ನೆಗೆಟಿವ್ ಅಂತಿತ್ತು. ಯಾಕೆ ಮಾಡಿಸ್ಕೊಂಡ್ರಿ ಅಂತ ಅದರಲ್ಲಿ ಬರೆದಿರ್ಲಿಲ್ಲ. ಯಾರ ಸಹವಾಸ ಮಾಡಿದ್ರೋ ಅಂತ ಎರಡೂವರೆ ತಿಂಗಳಿಂದ ಯೋಚನೆ ಮಾಡ್ತಿದ್ದೀನಿ ಕಣ್ರೀ."

ಸಾಯುವ ಸಾವಿರ ಬಗೆಗಳನ್ನು ಯೋಚಿಸಿದ್ದವನಿಗೆ ಇದೊಂದು ಹೊಳೆದಿರಲಿಲ್ಲ. ತನ್ನ ಭಯದ ಗದ್ದಲದಲ್ಲಿ ಅವಳ ಭಯ ಕಾಣಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬ್ಲೇಡಿನ ಗಾಯವೇ, ನಿನ್ನಾಣೆ, ಎಂದು ಗಡ್ಡ ಸರಿಸಿ ತೋರಿಸಲು ಹೋದ. ಅವಳು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹುಡುಕಿದಳು. ಗಾಯ ಮಾಸಿ ಎಷ್ಟೋ ಕಾಲವಾಗಿತ್ತು. ಆರಾರು ರಿಪೋರ್ಟು ಇಟ್ಟುಕೊಂಡವನ ಹತ್ತಿರ ಹೆಂಡತಿಗೆ ತೋರಿಸಲು ಒಂದು ಪುರಾವೆಯೂ ಇರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು, ನಡೆಯಿರಿ ಎಂದಳು.

ಹೆಂಗಸರು ಕಾಲಿಡದ ಕ್ಷೌರದಂಗಡಿ. ಶಿಲ್ಪಶ್ರೀ ಬಾಗಿಲಲ್ಲೇ ನಿಂತಳು, ಅಮರೇಶ ಕುರ್ಚಿಯಲ್ಲಿ ಕುಳಿತ. ಮಹದೇವು ಕತ್ತರಿಯಿಂದ ಗಡ್ಡ ಇಳಿಸಿ, ನೊರೆ ಹಚ್ಚುತ್ತ, ಯಾರೂ ಕೇಳುವ ಮೊದಲೇ ಶುರು ಮಾಡಿದ.

"ಆವತ್ತು ಗಲ್ಲಕ್ಕೆ ಬ್ಲೇಡ್ ತಾಗಿಸ್ಬುಟ್ಟೆ ಸ್ವಾಮಿ. ಆಗ್ತಾನೆ ಪ್ಯಾಕೆಟ್ ಒಡೆದು ತೆಗ್ದ ಹೊಸಾ ಬ್ಲೇಡು, ಅದಕ್ಕೇ ಅಂಗೆ ಕುಯ್ತು. ಮುನಿಸ್ಕೊಂಡು ಬರೋದೇ ಬುಟ್ರಿ ಅನ್ಕೊಂಡಿದ್ದೆ."

ಶಿಲ್ಪಶ್ರೀ ಹೊಸ್ತಿಲು ದಾಟಿ ಒಳಗೆ ಬಂದಳು.

"ಇನ್ನೊಂದ್ಸಲ ಹೇಳಿ," ಎಂದಳು.

ಮಹದೇವು ಗಾಬರಿಯಿಂದ ಅದನ್ನೇ ಮತ್ತೆ ಹೇಳಿದ. ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದ ಅಮರೇಶ, ಮೂರನೆಯ ಸಲವೂ ಕೇಳಿಬಿಡಲಿ ಎಂದು ನೊರೆ ಮೆತ್ತಿಕೊಂಡು ಸುಮ್ಮನೆ ಕುಳಿತ.