ಶೇಕಡಾ ಐದರ ಗೆರೆ

ಹಂಸವೇಣಿಯ ಕೊರಳ ಬಿಲ್ಲೆ ಅಂದು ಅವಳ ಪದವಿಗೇ ಸಂಚಕಾರ ತರುವಂತಿತ್ತು. ಊರಿನ ಎಲ್ಲರಂತೆ ಅವಳೂ ಹುಟ್ಟಿದಂದಿನಿಂದ ಧರಿಸಿದ್ದ ಆ ಬಿಲ್ಲೆ, ಆಡಿದ ಮಾತು ನಿಜವಾಗಿರುವ ಸಂಭವ ಶೇಕಡಾ ಎಷ್ಟೆಂದು ತೋರಿಸುತ್ತಿತ್ತು. ಸಂಖ್ಯಾಶಾಸ್ತ್ರ ವಿಭಾಗದ ನಿಯಮ ಒಂದೇ: ಮೌಖಿಕ ಪರೀಕ್ಷೆಯಲ್ಲಿ ಅಂಕಿ ಐದಕ್ಕಿಂತ ಕೆಳಗಿಳಿದರೆ ವಿದ್ಯಾರ್ಥಿ ನಪಾಸು.

“ಇನ್ನೂರು ಮನೆಗೂ ನೀನೇ ಹೋಗಿ ಸಮೀಕ್ಷೆ ಮಾಡಿದ್ಯೇನಮ್ಮ?” ಪರೀಕ್ಷೆ ನಡೆಸುತ್ತಿದ್ದ ಗಿರಿಜಾಂಬ ಮೇಡಂ ಕನ್ನಡಕ ಏರಿಸಿದರು.

ಹಾಸ್ಟೆಲ್ಲಿನ ಮಂಚದ ಮೇಲೆ ಚಕ್ಕುಲಿ ಮೆಲ್ಲುತ್ತ ಇನ್ನೂರು ಮನೆಯ ಉತ್ತರಗಳನ್ನೂ ತಾನೇ ಬರೆದಿದ್ದ ಹಂಸವೇಣಿ ತಲೆಯಾಡಿಸಿದಳು.

“ಹೂಂ ಮೇಡಂ. ಬಿಸಿಲಲ್ಲಿ ಚಪ್ಪಲಿ ಸವೆಸ್ಕೊಂಡು ಹೋಗಿದ್ದೆ.”

ಬಿಲ್ಲೆಯ ಅಂಕಿ ಜಾರತೊಡಗಿತು. ಮೂವತ್ತು... ಹನ್ನೊಂದು... ಏಳು... ಆರು. ಅಲ್ಲಿಗೆ ನಿಂತಿತು.

“ಐದರ ಮೇಲಿದೆ ಮೇಡಂ! ತಿರಸ್ಕರಿಸೋ ಹಾಗಿಲ್ಲ!”

“ತಿರಸ್ಕರಿಸ್ಲಿಲ್ಲ ಅಂದ್ರೆ ನಂಬಿದೆ ಅಂತಲ್ಲ ಕಣೇ. ಮೊದಲನೇ ವರ್ಷದಲ್ಲೇ ಹೇಳಿಕೊಟ್ಟಿದ್ದೆ,” ಎನ್ನುತ್ತ ಮೇಡಂ ಪಾಸೆಂದು ಬರೆದು ಸಹಿ ಹಾಕಿದರು. “ನಮ್ಮ ಕಾಲ್ದಲ್ಲಿ ನಾನು ಒಂದೊಂದು ಮನೆಗೂ ನಡ್ಕೊಂಡೇ ಹೋಗ್ತಿದ್ದೆ, ಗೊತ್ತಾ?”

ಮರುಕ್ಷಣವೇ ಅವರು ಸೆರಗೆಳೆದು ತಮ್ಮ ಬಿಲ್ಲೆಯನ್ನು ಮುಚ್ಚಿಕೊಂಡರು. ಆದರೆ ಅಷ್ಟರಲ್ಲಿ ಹಂಸವೇಣಿ ಅಂಕಿಯನ್ನು ನೋಡಿಯಾಗಿತ್ತು: ನಾಲ್ಕು.